ಬಂಗಡೆಗೆ ಸೀಮೆಎಣ್ಣೆ ವಾಸನೆ

ಬುಟ್ಟಿ ಇಳಿಸಿದವಳೇ ಮಂಕಾಳಿ ಒಂದು ಬಂಗಡೆ ಎತ್ತಿ
ನನ್ನ ಮೂಗಿಗೇ ಹಿಡಿದಳು.
"ಕುಮಟೆ ಪೇಟೆಲಿ ಮೂರು ಮಂದಿ ವಾಪಸ್ ಕೊಟ್ರು, ಮೇಸ್ತ್ರಿ.
ಮೀನೋ, ಚಿಮಣಿ ಬುಡ್ಡಿಯೋ ಅಂತ ಕೇಳ್ತಾರೆ.
ದಕ್ಕೆಯ ಬೆಕ್ಕೂ ಮೂಸಿ ಬಿಟ್ಟು ಹೋಯ್ತು."

ಗಂಡ ಪುರ್ಸ ಹಿಂದೆ ನಿಂತಿದ್ದ, ಹೆಗಲ ಮೇಲೆ ಮಶೀನು,
ಕಳ್ಳನನ್ನು ಠಾಣೆಗೆ ತಂದವನ ಹಾಗೆ.
ಎಂಟು ಕುದುರೆಯ ಹಳೇ ಮಶೀನು. ತನ್ನ ಬಣ್ಣ ಯಾವುದೆಂದು
ಈಗ ಅದಕ್ಕೂ ನೆನಪಿರಲಿಕ್ಕಿಲ್ಲ.

ತದಡಿ ದಕ್ಕೆಯಲ್ಲಿ ನನ್ನದು ತಗಡಿನ ಶೆಡ್ಡು.
ಮೊದಲ ನಿಯಮ: ಬೀಡಿ ಹೊರಗೆ.
ಎರಡನೆಯದು: ಬಯ್ಯುವುದು ಆಮೇಲೆ.

ಚಿಂದಿಯಿಂದ ಒರೆಸಿ ಒಣಗಿಸಿದೆ.
ಕಾರ್ಬೊರೇಟರಿನ ಮೈಗೆಲ್ಲ ರಂಗೋಲಿ ಪುಡಿ ಉದುರಿಸಿದೆ,
ಬಿಳಿ ಎಲ್ಲಿ ಕಪ್ಪಾಗುತ್ತದೋ ಅಲ್ಲಿ ಸೋರಿಕೆ.
ರಬ್ಬರು ಬುಗ್ಗೆ ಹಿಚುಕಿದೆ. ಒಂದು, ಎರಡು, ಹತ್ತು.
ಸರಿಯಿದ್ದರೆ ಕರಿ ಇಶಾಡಿನ ಕಾಯಂತೆ ಗಟ್ಟಿಯಾಗಬೇಕು;
ಇದು ಹಣ್ಣಾಗಿಯೇ ಉಳಿಯಿತು.

ಪೈಪಿನ ಗಂಟು ಒಣಗಿತ್ತು. ಬಟ್ಟಲಿನ ಅಂಚು ಒಣಗಿತ್ತು.
ಗಾಳಿ ಎಳೆಯಬೇಕಾದ ಬಾಯಿಂದಲೇ
ಎಣ್ಣೆ ಇಳಿಯಿತು, ನಿಧಾನ,
ನಿದ್ದೆಯಲ್ಲಿ ಮಗು ಜೊಲ್ಲು ಬಿಟ್ಟಂತೆ.

"ಸೂಜಿ ಹೋದ ತಿಂಗಳೇ ಹೊಸದು ಹಾಕ್ದೆ," ಪುರ್ಸ ಅಂದ,
"ಮಡಗಾಂವಿಂದ ತರ್ಸಿ."
ಬಿಚ್ಚಿದೆ. ಹೌದು, ಹೊಸದು.
ತುದಿಯನ್ನು ಉಗುರ ಮೇಲೆ ಎಳೆದೆ, ಎಲ್ಲೂ ತಡೆಯಲಿಲ್ಲ.
ಮಗುಚಿ ಹಿಡಿದು ತುಟಿಯಿಟ್ಟು ಊದಿದೆ, ಉಸಿರು ತಿರುಗಿ ಬಂತು.
ಬಾಗಿಲು ಸರಿಯಿದೆ.
ಹಾಗಾದರೆ ಬಾಗಿಲು ಹಾಕುವವನು?

ಫ್ಲೋಟು. ಹಿತ್ತಾಳೆಯ ಪುಟ್ಟ ಡಬ್ಬಿ.
ಎಣ್ಣೆ ಏರಿದಂತೆ ತಾನೂ ಏರಿ
ಸಾಕು ಎಂದು ಸೂಜಿ ಒತ್ತುವುದು ಅದರ ಕೆಲಸ.
ಸಾಕು ಎನ್ನಬೇಕಾದರೆ ಒಳಗೆ ಬರೀ ಗಾಳಿಯಿರಬೇಕು.

ಕಿವಿಯ ಬಳಿ ಹಿಡಿದು ಅಲ್ಲಾಡಿಸಿದೆ.
ಏನೂ ಇಲ್ಲ.
ಬಲಗಿವಿ, ಎಡಗಿವಿ. ಏನೂ ಇಲ್ಲ.
ಮೂವತ್ತೆಂಟು ವರ್ಷ ಮಶೀನುಗಳ ಪಕ್ಕ ನಿಂತ ಕಿವಿ ಇದು;
ಒಳಗೊಂದು ದೋಣಿ ಹಗಲೂ ರಾತ್ರಿ
ಅಳಿವೆ ದಾಟುತ್ತಲೇ ಇರುತ್ತದೆ.
ಯಾರಿಗೂ ಹೇಳಿಲ್ಲ,
ಗಿರಾಕಿಗಳ ತುಟಿ ನೋಡಿ ನಡೆಸಿದ್ದೇನೆ.

"ನೀ ನೋಡು," ಎಂದು ಮಂಕಾಳಿಗೆ ಕೊಟ್ಟೆ,
ಪರೀಕ್ಷೆ ಮಾಡುವ ಮಾಸ್ತರನ ಠೀವಿಯಲ್ಲಿ.
ಸೆರಗು ಸರಿಸಿ ಕಿವಿಗೊತ್ತಿ ಅಲ್ಲಾಡಿಸಿದಳು,
ಬಳಚಿನ ರಾಶಿಯಲ್ಲಿ ಮಣ್ಣು ತುಂಬಿದ ಚಿಪ್ಪನ್ನು
ಸದ್ದಲ್ಲೇ ಹಿಡಿದು ಎಸೆಯುವವಳು.
"ಅದೆ," ಅಂದಳು. "ನಾಕು ಹನಿ ಅದೆ ಒಳಗೆ."
ಆಮೇಲೆ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದಳು.
ಏನೂ ಕೇಳಲಿಲ್ಲ.

ಚಾ ಅಂಗಡಿಯ ಬಿಸಿನೀರಲ್ಲಿ ಮುಳುಗಿಸಿ ಹಿಡಿದೆ.
ಹಳೇ ಬೆಸುಗೆಯ ಅಂಚಿಂದ ಗುಳ್ಳೆ, ಸಾಸಿವೆ ಗಾತ್ರ,
ಒಂದರ ಹಿಂದೊಂದು.
ಕುಡಿದದ್ದನ್ನೆಲ್ಲ ಕಕ್ಕಿಸಿ ಬಿಸಿಲಿಗಿಟ್ಟೆ,
ವಾಸನೆ ಹೋಗುವ ತನಕ. ಅವಸರ ಮಾಡಿ ಕಾದ ಕಡ್ಡಿ ತಾಗಿಸಿದರೆ
ಶೆಡ್ಡಿಗೆ ಸೂರಿರುವುದಿಲ್ಲ.
ಹೋಯಿತು ಎಂದು ಹೇಳಿದವಳೂ ಅವಳೇ.

ಬೆಸುಗೆ ಒಂದೇ ಹನಿ. ಎರಡಾದರೆ ಫ್ಲೋಟು ಮತ್ತೆ ಭಾರ.
ಅರದಿಂದ ಉಜ್ಜಿದೆ, ನಾಲಿಗೆ ಕೂದಲೆಳೆಯಷ್ಟು ಬಗ್ಗಿಸಿದೆ,
ಮಟ್ಟ ನೋಡಿ ಕೂರಿಸಿದೆ.
ಬುಗ್ಗೆ ಏಳನೆಯ ಹಿಚುಕಿಗೆ ಕಾಯಾಯಿತು.
ಪುಡಿ ಬಿಳಿಯಾಗಿಯೇ ಇತ್ತು, ಸಂಜೆಯವರೆಗೂ.

ಮೂರನೆಯ ದಿನ ಬೆಳಿಗ್ಗೆ, ಮಜೂರಿಯ ಜೊತೆ
ಎಲೆಯಲ್ಲಿ ಸುತ್ತಿದ ಎರಡು ಬಂಗಡೆ.
"ಮೂಸಿ ನೋಡಿ," ಅಂದಳು.
ಮೂಸಿದೆ. ನನಗೆ ಅನ್ನವೂ, ಅಬ್ಬಲಿಗೆಯೂ, ಹೆಂಡತಿಯ ತಲೆಗೂದಲೂ
ಸೀಮೆಎಣ್ಣೆಯೇ, ಎಷ್ಟೋ ವರ್ಷದಿಂದ.
"ಬರೀ ಮೀನು," ಅಂದೆ.
ನಕ್ಕಳು. ಒಂದನ್ನು ತೆಗೆದು ಬೆಕ್ಕಿನ ಮುಂದಿಟ್ಟಳು, ಸಾಕ್ಷಿಗೆ.

ಬೆಕ್ಕು ಇನ್ನೂ ಮೂಸುತ್ತಿತ್ತು.
ಅತ್ತ ದಕ್ಕೆಯ ತುದಿಯಲ್ಲಿ ಪುರ್ಸ ಹಗ್ಗ ಎಳೆದ.
ಬೆಕ್ಕು ಬೆಚ್ಚಿ, ಬಂಗಡೆ ಕಚ್ಚಿಕೊಂಡೇ ಓಡಿತು.
ಆ ಸದ್ದು ಹೊರಗಿನ ದೋಣಿಯದೋ, ಒಳಗಿನದೋ?
ಹೊಗೆ ಕಾಣಲಿ ಎಂದು
ಹಣೆಗೆ ಕೈ ಅಡ್ಡ ಹಿಡಿದು ನಿಂತೆ.